ಕೊಂಬು ಯಾವ ಕಡೆಗಿತ್ತು

ಹೋದ ತಿಂಗಳು ನನ್ನ ಓದುವ ಮೇಜಿನ ಕಾಲು ಸರಿ ಮಾಡಿಸಲು ಇಲ್ಲೇ ಗುಬ್ಬಿಯ ಬಡಗಿಯೊಬ್ಬರ ಹತ್ತಿರ ಹೋಗಿದ್ದೆ. ಈಗೆಲ್ಲ ಡಬ್ಬಿಯಲ್ಲಿ ಬರುವ ಬಿಳಿ ಅಂಟೇ ತಾನೇ? ಈ ಮನುಷ್ಯ ಹಳೇ ಕಾಲದವರು, ಸ್ಟೌ ಮೇಲೆ ಮರವಜ್ರ ಕಾಯಿಸುತ್ತಿದ್ದರು. ಚರ್ಮ, ಮೂಳೆ ಬೇಯಿಸಿ ಮಾಡುವ ಆ ಅಂಟಿನ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಯಾಕ್ ಮೇಡಂ, ತಲೆ ಸುತ್ತುತಾ? ನೀರ್ ಕೊಡ್ಲಾ?" ಅಂದರು. ಬೇಡ ಅಂದೆ. ಕುಣಿಗಲ್ಲಿನಲ್ಲಿ ಒಂದು ಮಳೆಗಾಲವಿಡೀ ಗೋಡೆ ದಾಟಿ ನನ್ನ ಮನೆಗೆ ಬರುತ್ತಿದ್ದದ್ದು ಇದೇ ವಾಸನೆ.

ಆಗ ನಾನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಒಂಟಿ ಹೆಂಗಸು, ಮೇಲಾಗಿ ಬಾಯಿ ಜೋರು. ಬಾಡಿಗೆ ಮನೆ ಸಿಗುವಷ್ಟರಲ್ಲಿ ಸಾಕುಸಾಕಾಗಿತ್ತು. ಕೊನೆಗೆ ಸಿಕ್ಕಿದ್ದು ಒಂದು ಹಾಸಿಗೆ ಅಂಗಡಿಯ ಪಕ್ಕದ ಮನೆ. ಅಂಗಡಿಯವರು ವಯಸ್ಸಾದ ಸಾಹೇಬರು, ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ವಾಸ. ಹೆಂಡತಿ ತೀರಿಕೊಂಡಿದ್ದರು, ಇದ್ದ ಒಬ್ಬಳೇ ಮಗಳು ಮದುವೆಯಾಗಿ ತುಮಕೂರಿನಲ್ಲಿದ್ದಳು. ಊರಿನವರೆಲ್ಲ ಹಾಸಿಗೆ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ಭಾನುವಾರ ಅವರು ಬೆಳಗ್ಗೆಯೇ ಬಿಲ್ಲಿನ ದಾರ ಮೀಟಿ ಟಂಯ್ ಟಂಯ್ ಅಂತ ಹತ್ತಿ ಎಕ್ಕಲು ಶುರುಮಾಡಿದ್ದಕ್ಕೆ ನಾನು ಜಗಳಕ್ಕೇ ಹೋಗಿದ್ದೆ. "ಹಾಸ್ಗೆ ಮಾಡೋನೇ ನಿದ್ದೆ ಕೆಡಿಸ್ದಂಗಾಯ್ತಲ್ಲ! ಬನ್ನಿ ಮಿಸ್, ಟೀ ಕುಡೀರಿ" ಅಂತ ನಕ್ಕುಬಿಟ್ಟರು. ಬೈಯಲು ಹೋದವಳು ಎರಡು ಲೋಟ ಟೀ ಕುಡಿದು ಬಂದೆ. ಆಮೇಲೆ ದಿನಾ ಸಂಜೆ ಅಲ್ಲೇ. ಕಾಲೇಜು ಬಿಟ್ಟರೆ ಆ ಊರಲ್ಲಿ ನಾನು ಮಾತಾಡುತ್ತಿದ್ದದ್ದು ಅವರೊಬ್ಬರ ಹತ್ತಿರ. ಅವರಿಗೂ ಗಿರಾಕಿಗಳನ್ನು ಬಿಟ್ಟರೆ ನಾನೊಬ್ಬಳೇ ಅಂತ ಕಾಣುತ್ತದೆ.

ಪರಿಚಯವಾಗಿ ಆರೇಳು ತಿಂಗಳಾದ ಮೇಲೆ ಒಂದು ಸಂಜೆ ಅವರು ದಿಂಬುಗಳ ರಾಶಿಯ ಹಿಂದಿನಿಂದ ಹಳೇ ರಜಾಯಿಯಲ್ಲಿ ಸುತ್ತಿದ್ದ ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಒಳಗಿದ್ದದ್ದು ಬಿಲ್ಲು. ಹತ್ತಿ ಎಕ್ಕುವ ಬಿಲ್ಲಲ್ಲ, ಯುದ್ಧದ ಬಿಲ್ಲು! ಸಿರಾದಲ್ಲಿ ನವಾಬರ ದರ್ಬಾರು ಇದ್ದ ಕಾಲದಲ್ಲಿ ಅವರ ಹಿರೀಕರು ಸವಾರರಿಗೆ ಬಿಲ್ಲು ಮಾಡಿಕೊಡುತ್ತಿದ್ದರಂತೆ. ಬಂದೂಕು ಬಂದು ಆ ಕೆಲಸ ಹೋಯಿತು, ಹತ್ತಿ ಹಿಡಿದರು. ಉಳಿದದ್ದು ಇದೊಂದು. ನಡುವೆ ಮರ, ಒಂದು ಮೈಗೆ ಎಮ್ಮೆ ಕೊಂಬಿನ ಪಟ್ಟಿ, ಇನ್ನೊಂದು ಮೈಗೆ ಪ್ರಾಣಿಯ ನರ, ಎಲ್ಲ ಮರವಜ್ರದಲ್ಲೇ ಅಂಟಿಸಿದ್ದು. ದಾರವಿರಲಿಲ್ಲ, ಬಿಲ್ಲು ಬಾಗಿ ಹೆಚ್ಚುಕಡಿಮೆ ಬಳೆಯ ಹಾಗೆ ಸುತ್ತಿಕೊಂಡಿತ್ತು.

ನಾನು ಸುಮ್ಮನಿರುತ್ತೇನೆಯೇ? ತುಮಕೂರಿನಲ್ಲಿ ಡಿಗ್ರಿ ಓದುವಾಗ ಆಳೆತ್ತರದ ಬಿದಿರು ಬಿಲ್ಲಿನಲ್ಲಿ ಎರಡು ವರ್ಷ ಗುರಿ ಕಲಿತವಳು ನಾನು. ಇಂಗ್ಲೆಂಡಿನ ಲಾಂಗ್‌ಬೋ ಬಗ್ಗೆ ಶುರುಹಚ್ಚಿಕೊಂಡೆ. ಒಂದೇ ಮರದ ಉದ್ದನೆ ಬಿಲ್ಲು, ಬೇಗ ಆಗುತ್ತೆ, ಸಾವಿರಾರು ಜನರ ಕೈಗೆ ಕೊಡಬಹುದು, ಸಾಲಾಗಿ ನಿಂತು ಬಾಣ ಬಿಟ್ಟರೆ ಕಬ್ಬಿಣ ತೊಟ್ಟ ಸರದಾರರೂ ಉರುಳಿ ಬೀಳ್ತಿದ್ದರು ಅಂತೆಲ್ಲ. ಸಾಹೇಬರು ಪೂರ್ತಿ ಕೇಳಿ, "ಅಷ್ಟುದ್ದದ್ದು ಹಿಡ್ಕೊಂಡು ಕುದುರೆ ಮೇಲೆ ಹೆಂಗ್ ಕೂತ್ಕೊಳ್ತಾರೆ ಮಿಸ್?" ಅಂದರು. ಊರಲ್ಲೇ ಕುದುರೆ ಫಾರಂ ಇತ್ತು, ಕುದುರೆ ನೋಡಿ ಬೆಳೆದವರು. ಎಡಕ್ಕೆ ಬಾಣ ಬಿಟ್ಟು ತಕ್ಷಣ ಬಲಕ್ಕೆ ತಿರುಗಬೇಕಾದವನಿಗೆ ಗಿಡ್ಡ ಬಿಲ್ಲೇ ಬೇಕು, ಗಿಡ್ಡದಕ್ಕೆ ಉದ್ದದ ಶಕ್ತಿ ಬರಬೇಕಾದರೆ ಕೊಂಬೂ ನರವೂ ಬೇಕು ಅಂತ ನನಗೇ ಪಾಠ ಮಾಡಿದರು. ಹಾಗಂತ ನನ್ನ ಉದ್ದನೆ ಬಿಲ್ಲನ್ನು ಅವರು ಹೀಗಳೆಯಲಿಲ್ಲ. "ನಿಮ್ದು ಮಳೇಲಿ ನೆಂದ್ರೂ ಬದುಕ್ತದೆ. ನಮ್ದು ಥಂಡಿ ಹೊಡೆದ್ರೆ ಅಂಟು ಬಿಡ್ತದೆ. ಮಾಡೋಕೂ ವರ್ಷಗಟ್ಲೆ" ಅಂದರು. ಹೀಗೆ ಬಿಲ್ಲಿನ ಜಗಳ ಎಷ್ಟೋ ಸಂಜೆ ನಡೆಯಿತು. ಅಷ್ಟು ಸುಖವಾಗಿ ನಾನು ಯಾರ ಹತ್ತಿರವೂ ಜಗಳ ಆಡಿಲ್ಲ.

ಆ ಬಿಲ್ಲಿಗೆ ದಾರ ಏರಿಸಿದ್ದನ್ನು ಅವರು ಕಣ್ಣಾರೆ ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಾಯಲ್ಲಿ ಹೇಳಿಕೊಟ್ಟಿದ್ದರಂತೆ. ಕೆಂಡದ ಶಾಖ ಕೊಡಬೇಕು, ಇಬ್ಬರು ಹಿಡಿಯಬೇಕು, ಕೊಂಬು ನಮ್ಮ ಕಡೆಗೆ, ನರ ಶತ್ರುವಿನ ಕಡೆಗೆ. "ಕೊಂಬು ನಮ್ ಕಡೆ" ಅನ್ನುವುದನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ಸಾಯುವುದರೊಳಗೆ ಒಂದು ಸಲ ಅದು ದಾರ ತೊಟ್ಟು ನಿಂತದ್ದನ್ನು ನೋಡಬೇಕು, ಅಷ್ಟೇ ಅವರ ಆಸೆ. ನಾನು ಕೇಳಿಸಿಕೊಳ್ಳುತ್ತಿದ್ದೆ, ಆದರೆ ಹೇಗೆ... ಇನ್ನೊಬ್ಬರು ಮಾತಾಡುವಾಗ ನನ್ನ ತಲೆಯಲ್ಲಿ ನನ್ನ ಮುಂದಿನ ಮಾತೇ ಓಡುತ್ತಿರುತ್ತದೆ.

ಕಾಲೇಜಿನಲ್ಲಿ ಒಂದು ಶುಕ್ರವಾರ ವಸ್ತುಪ್ರದರ್ಶನವಿತ್ತು. ನನ್ನ ಬಿದಿರು ಬಿಲ್ಲು, ಅವರ ಕೊಂಬಿನ ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸೋಣ ಅಂದಾಗ ಸಾಹೇಬರು ಗಂಟನ್ನು ನನ್ನ ಕೈಗೇ ಕೊಟ್ಟರು. ದಾರವನ್ನೂ ಅಲ್ಲೇ, ಎಲ್ಲರ ಮುಂದೆಯೇ ಏರಿಸೋಣ ಅಂತ ಒಪ್ಪಿದರು. "ಜುಮ್ಮಾ ನಮಾಜ್ ಮುಗಿಸ್ಕೊಂಡು ಕೆಂಡ ತಗೊಂಡ್ ಬರ್ತೀನಿ. ಅಲ್ಲೀವರ್ಗೂ ದಾರ ಮುಟ್ಟಿಸ್ಬೇಡಿ ಮಿಸ್" ಅಂದರು.

ಅತಿಥಿಗಳು ಬೇಗ ಬಂದುಬಿಟ್ಟರು. "ಏನ್ ಮೇಡಂ, ಬಿಲ್ ವಿದ್ಯೆ ಗೊತ್ತು ಅಂತೀರಿ, ಇದಕ್ಕೊಂದು ದಾರ ಕಟ್ಟೋಕಾಗಲ್ವಾ?" ಅಂತ ಪ್ರಿನ್ಸಿಪಾಲರು ಹುಡುಗರ ಮುಂದೆ ಛೇಡಿಸಿದರು. ಸಾಕಿತ್ತು ನನಗೆ. ನನ್ನ ಬಿದಿರು ಬಿಲ್ಲು ದಾರ ಬಿಚ್ಚಿದರೆ ನೆಟ್ಟಗೆ ಕೋಲಾಗುತ್ತದೆ, ಯಾವ ಕಡೆ ಬಾಗುವ ಅಭ್ಯಾಸವಿದೆಯೋ ಆ ಕಡೆಗೇ ಬಗ್ಗಿಸಿ ಕಟ್ಟಬೇಕು. ಇದು ಆಗಲೇ ಬಾಗಿ ನಿಂತಿದೆಯಲ್ಲ, ಇನ್ನೇನು ಬೇಕು? ಎರಡು ತುದಿಗೆ ನೈಲಾನ್ ದಾರ ಬಿಗಿದೆ. ಕೊಂಬಿನ ಪಟ್ಟಿ ಕರ್ರಗೆ ಆಚೆ ಕಡೆ, ಅತಿಥಿಗಳ ಕಡೆ ಹೊಳೆಯುತ್ತಿತ್ತು. ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಳೆದೆ. ಅರ್ಧ ಬಂತು, ಆಮೇಲೆ ಲಟಾರ್ ಅಂತು. ಕೊಂಬು ಮರದಿಂದ ಎದ್ದು ಅಡ್ಡಡ್ಡ ಸೀಳಿತು, ಮರವೂ ಮುರಿಯಿತು.

ಅಂಥ ಬಿಲ್ಲು ದಾರ ಬಿಚ್ಚಿದರೆ ತಿರುಗಾ ಮುರುಗಾ ಬಾಗಿ ಕೂರುತ್ತದೆ ಅನ್ನುವುದು, ದಾರ ಏರಿಸಲು ಅದನ್ನು ಪೂರ್ತಿ ಮಗುಚಬೇಕು ಅನ್ನುವುದು ನನಗೆ ಹೊಳೆದದ್ದು ಆ ಸದ್ದಿನ ಮೇಲೆ. ಥೂ, ಏನು ಪ್ರಯೋಜನ! ದಾರ ಬಿಚ್ಚಿ ಬ್ಯಾಗಿಗೆ ತುರುಕಿದೆ.

ಸಾಹೇಬರು ಬಂದರು. ಬಿಳಿ ಜುಬ್ಬಾ, ಅತ್ತರು, ಕೈಯಲ್ಲಿ ಕೆಂಡದ ಬಾಣಲೆ. ಮೇಜಿನ ಮೇಲಿದ್ದದ್ದನ್ನು ನೋಡಿ ಬಾಣಲೆ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಸೀಳನ್ನು ಬೆರಳಲ್ಲಿ ಸವರಿ, ಒಂದೇ ಒಂದು ಪ್ರಶ್ನೆ ಕೇಳಿದರು.

"ಕೊಂಬು ಯಾವ ಕಡೆಗಿತ್ತು, ಮಿಸ್?"

ಪ್ರಿನ್ಸಿಪಾಲರಿದ್ದರು, ಅತಿಥಿಗಳಿದ್ದರು, ನನ್ನ ವಿದ್ಯಾರ್ಥಿಗಳಿದ್ದರು. "ನನ್ನ ಕಡೆಗೇ ಇತ್ತು" ಅಂದೆ.

ಅವರು ನನ್ನ ಮುಖ ನೋಡಿದರು. ನಂಬಿದರು. ಇವತ್ತಿಗೂ ಎದೆಗೆ ಚುಚ್ಚುವುದು ಅದೇ, ಒಂದು ಚೂರೂ ಅನುಮಾನವಿಲ್ಲದೆ ನಂಬಿಬಿಟ್ಟರು.

ಆ ಮಳೆಗಾಲವಿಡೀ ಅವರು ಹಿಂದಿನ ಕೋಣೆಯಲ್ಲಿ ಮರವಜ್ರ ಕಾಯಿಸಿ ಕಾಯಿಸಿ ಆ ಚೂರುಗಳನ್ನು ಅಂಟಿಸಲು ನೋಡಿದರು. ಥಂಡಿಗೆ ಅಂಟು ಹಿಡಿಯುತ್ತಿರಲಿಲ್ಲ. ನಾನು ಟೀಗೆ ಹೋಗುವುದನ್ನು ನಿಲ್ಲಿಸಿದೆ. ಪೇಪರ್ ತಿದ್ದಬೇಕು, ತಲೆನೋವು, ಮೀಟಿಂಗು... ಅಂಗಡಿ ಮುಂದೆ ಹಾಯಬಾರದು ಅಂತ ಹಿತ್ತಲ ಗಲ್ಲಿಯಿಂದ ಓಡಾಡಿದೆ. ಸಂಜೆ ಹೊತ್ತು ಒಬ್ಬಳೇ ಗೋಡೆ ಈಚೆ ಕೂತಿರುತ್ತಿದ್ದೆ, ಅವರು ಆಚೆ ಕೆಮ್ಮುವುದು ಕೇಳುತ್ತಿತ್ತು. ಎದ್ದು ಹತ್ತು ಹೆಜ್ಜೆ ಹೋಗಿ ನಿಜ ಹೇಳಿದ್ದರೆ ಆಗುತ್ತಿತ್ತು, ಹೋಗಲಿಲ್ಲ. ಒಮ್ಮೆ ನಲ್ಲಿಯ ಹತ್ತಿರ ಎದುರಾದರು. "ಮಿಸ್, ನನ್ ನೆನಪೇ ತಪ್ಪೋ ಏನೋ. ಕೊಂಬು ಆಚೆ ಕಡೆಗೇ ಇರ್ಬೇಕಿತ್ತೇನೋ" ಅಂದರು. ನಾನು ಕೊಡ ತುಂಬುವವರೆಗೂ ಕೊಡವನ್ನೇ ನೋಡುತ್ತಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ಗುಬ್ಬಿಗೆ ವರ್ಗವಾಯಿತು. ಹೇಳಿಯೂ ಬರಲಿಲ್ಲ. ಒಂದೆರಡು ವರ್ಷದಲ್ಲಿ ಅವರು ತೀರಿಹೋದರು ಅಂತ ಯಾರೋ ಬಸ್ಸಿನಲ್ಲಿ ಅಂದರು.

ಬಡಗಿಯ ಅಂಗಡಿಯಿಂದ ಬಂದ ಮೇಲೆ ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ನಾಲ್ಕನೇ ದಿನ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಅವರ ಮಗಳ ಮನೆ ಹುಡುಕಿದೆ. ಮುಖದಲ್ಲಿ ಅಪ್ಪನದೇ ಛಾಯೆ. "ನೀವು ಕುಣಿಗಲ್ ಮಿಸ್ ಅಲ್ವಾ? ನಮ್ ಅಬ್ಬಾ ನಿಮ್ ಬಗ್ಗೆ ಎಷ್ಟ್ ಹೇಳ್ತಿದ್ರು!" ಅಂತ ಕೈ ಹಿಡಿದು ಒಳಗೆ ಕರೆದಳು, ಟೀ ಕೊಟ್ಟಳು. ಬಿಲ್ಲಿನ ಮಾತನ್ನು ಅವಳೇ ಎತ್ತಿದಳು. "ಅಬ್ಬಾಗೆ ಕೊನೇವರ್ಗೂ ಅದೇ ಕೊರಗು ಮಿಸ್. 'ನಮ್ಮಪ್ಪ ನನಗೆ ತಪ್ಪು ಹೇಳ್ಕೊಟ್ಟು ಹೋದ, ಇಲ್ಲ ನಾನೇ ತಪ್ಪು ಕೇಳಿಸ್ಕೊಂಡೆ' ಅನ್ನೋರು. ನನ್ ಮಕ್ಕಳಿಗೆಲ್ಲ ಹೇಳಿ ಹೋಗವ್ರೆ, ಕೊಂಬು ಆಚೆ ಕಡೆ ಅಂತ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಎಲ್ಲ ಹೇಳಿದೆ. ಆಚೆ ಕಡೆಗಿಟ್ಟು ಎಳೆದವಳು ನಾನು, ನಿಮ್ಮ ತಾತ ಹೇಳಿದ್ದೇ ಸರಿ, ನಿಮ್ಮ ಅಬ್ಬಾ ಕೇಳಿಸಿಕೊಂಡದ್ದೂ ಸರಿ, ನಾನು ಸುಳ್ಳು ಹೇಳಿದೆ ಅಂತ. ಅಳು ಬಂತು, ಅತ್ತೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಲೋಟ ಎತ್ತಿಕೊಂಡು ಎದ್ದಳು.

"ಇದನ್ನ ಅಬ್ಬಾಗೆ ಹೇಳ್ಬೇಕಿತ್ತು ಮಿಸ್" ಅಂದಳು. "ನನಗಲ್ಲ."