ನಾನು ಬರೆಯದ ಪತ್ರ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಎದುರಿಗೆ ಕೂತವರು ಬಾಯಿ ಬಿಟ್ಟುಕೊಂಡು ಅದನ್ನು ನಂಬುತ್ತಿದ್ದರೆ ಇನ್ನೂ ಸಿಟ್ಟು. ಮೈಸೂರಿನಲ್ಲಿ ಓದುವಾಗ ಗೆಳತಿಯೊಬ್ಬಳು ತಮ್ಮ ಮನೆಯ ಮಹಡಿಯಲ್ಲಿ ಯಾರೋ ಓಡಾಡುತ್ತಾರೆ ಎಂದಾಗ ನಾನೇ ಅವಳ ಕೈಹಿಡಿದು ಮೇಲಕ್ಕೆ ಎಳೆದುಕೊಂಡು ಹೋಗಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ತಗಡಿನ ಬಾಗಿಲನ್ನು ತೋರಿಸಿ ಬಂದಿದ್ದೆ. ಹಾಗಿದ್ದ ನಾನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಠ ನನಗಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಮಾತ್ರ ಅನ್ನಬೇಡಿ. ಆ ಮಾತನ್ನು ನಾನು ಜೀವಮಾನಕ್ಕಾಗುವಷ್ಟು ಕೇಳಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದಂಡೆಯ ಒಂದು ಯೂನಿವರ್ಸಿಟಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ, ಇಂಜಿನಿಯರ್ ಆಗಿದ್ದ ಭಾವ ಹತ್ತಿರದ ಪ್ಲೆಸೆಂಟನ್‌ನಲ್ಲಿದ್ದರು. ನನ್ನ ಅಪಾರ್ಟ್‌ಮೆಂಟಿಗೆ ಚಟ್ನಿಪುಡಿ, ಸಾರಿನಪುಡಿ ಎಲ್ಲ ಅಲ್ಲಿಂದಲೇ ಬರಬೇಕು. ಆ ವರ್ಷ ಚಟ್ನಿಪುಡಿಯ ಜೊತೆಗೆ ಒಂದು ಸಂಬಂಧವೂ ಬಂತು. ಹುಡುಗ ಹಾಸನದ ಕಡೆಯವನು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಪಕ್ಕದ ಡ್ಯಾನ್‌ವಿಲ್‌ನಲ್ಲಿ ಆಗಲೇ ಮನೆ ಕೊಂಡಿದ್ದ. ಭಾವನೇ ಮುಂದೆ ನಿಂತು ಮಾತಾಡಿದರು. ಸೆಪ್ಟೆಂಬರಿನಲ್ಲಿ ನಿಶ್ಚಿತಾರ್ಥ ಎಂದಾಯಿತು. ನಾನು ಬೇಕು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಎಲ್ಲರೂ ಖುಷಿಯಾಗಿದ್ದರು. ನಾನು ಸೂಟ್‌ಕೇಸು ತುಂಬಿಕೊಂಡು ಬೇಸಿಗೆಯ ಕೋರ್ಸಿಗೆಂದು ಇಟಲಿಗೆ ಹೊರಟೆ.

ನಮ್ಮ ಕ್ಲಾಸಿನ ಹನ್ನೆರಡು ಜನ ಫ್ಲಾರೆನ್ಸ್‌ನಲ್ಲಿ ಹತ್ತು ವಾರ ಇರಬೇಕಿತ್ತು. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಹಳೆಯ ಕಟ್ಟಡಗಳ ಮುಂದೆ ಕೂತು ನಕ್ಷೆ ಬರೆಯುವುದು. ಆಮೇಲೆ ಬಿಡುವು. ಶನಿವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ಯಾವ ರೈಲು ಮೊದಲು ಹೊರಡುತ್ತದೋ ಅದನ್ನು ಹತ್ತುತ್ತಿದ್ದೆ. ಒಂದು ವಾರ ಪೀಸಾ, ಒಂದು ವಾರ ಲೂಕಾ. ಮಾಂಸವಿಲ್ಲದ ಊಟ ಸಿಗುವುದೇ ಕಷ್ಟ. ಬ್ರೆಡ್ಡು, ಟೊಮ್ಯಾಟೊ, ಅದರ ಮೇಲೆ ಅಕ್ಕನ ಚಟ್ನಿಪುಡಿ. ಒಬ್ಬಳೇ ಹುಡುಗಿ ಹೀಗೆ ಅಲೆಯುವುದು ಸರಿಯಲ್ಲ ಎಂದು ಭಾವ ಫೋನಿನಲ್ಲಿ ಬೈದರು. ನಾನು ಆಯಿತು ಎಂದು ಹೇಳಿ ಮತ್ತೆ ಹೋದೆ. ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಏಳನೇ ವಾರ ಒಂದು ಗುಡ್ಡದ ಊರಿಗೆ ಹೋದೆ. ಅದರ ಹೆಸರನ್ನು ಬರೆಯುವುದಿಲ್ಲ. ಬಸ್ಸಿಳಿದಾಗ ಮಧ್ಯಾಹ್ನ ಮೂರು ಗಂಟೆ, ಬಿಸಿಲಿಗೆ ಬೀದಿಯೆಲ್ಲ ಖಾಲಿ. ಭಾನುವಾರದವರೆಗೆ ಅಲ್ಲೇ ಇರುವುದೆಂದು, ಮನೆಯವರೇ ನಡೆಸುವ ಒಂದು ಸಣ್ಣ ವಸತಿಗೃಹದ ಬಾಗಿಲು ತಟ್ಟಿದೆ. ಬಾಗಿಲು ತೆಗೆದವಳು ಅರವತ್ತರ ಆಸುಪಾಸಿನ ದಪ್ಪ ಹೆಂಗಸು, ಆ ಮನೆಯ ಒಡತಿ. ನನ್ನ ಮುಖ ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು.

"ಬಂದೆಯಾ? ಮೊದಲು ಮೂರನೇ ನಂಬರಿನ ಬೀಗದ ಕೈ ಕೊಡು."

ನನಗೆ ಬರುತ್ತಿದ್ದದ್ದು ಹರಕುಮುರುಕು ಇಟಾಲಿಯನ್. ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ಅವಳು ಮತ್ತೆ ಬಿಡಿಸಿ ಬಿಡಿಸಿ ಹೇಳಿದಳು. ಹೋದ ಶನಿವಾರ ನಾನು ಅಲ್ಲಿಗೆ ಬಂದಿದ್ದೆನಂತೆ, ಮೂರನೇ ಕೋಣೆಯಲ್ಲಿದ್ದೆನಂತೆ, ಭಾನುವಾರ ಹೋಗುವಾಗ ಬೀಗದ ಕೈಯನ್ನು ಜೊತೆಗೇ ಒಯ್ದೆನಂತೆ. ನನ್ನ ಮೈ ಉರಿದುಹೋಯಿತು. ಇವರಿಗೆ ಕಂದುಬಣ್ಣದ ಹುಡುಗಿಯರೆಲ್ಲ ಒಂದೇ ಥರ ಕಾಣುತ್ತಾರೆ, ಯಾರೋ ಮಾಡಿದ್ದಕ್ಕೆ ನನ್ನನ್ನು ಕಳ್ಳಿ ಎನ್ನುತ್ತಿದ್ದಾಳೆ. ಅದೊಂದೇ ನನ್ನ ತಲೆಯಲ್ಲಿದ್ದದ್ದು.

"ನಾನು ಈ ಊರಿಗೆ ಕಾಲಿಟ್ಟಿದ್ದೇ ಇವತ್ತು. ಪುಸ್ತಕ ತೆಗಿ, ನೋಡೋಣ!" ಎಂದು ಕೂಗಿದೆ.

ಅವಳು ರಿಜಿಸ್ಟರನ್ನು ತಂದು ಮೇಜಿನ ಮೇಲೆ ಎಸೆದಳು. ಹೋದ ಶನಿವಾರದ ಸಾಲಿನಲ್ಲಿ ನನ್ನ ಹೆಸರಿತ್ತು. ಹುಟ್ಟಿದ ಊರು ಮೈಸೂರು. ಮುಂದೆ ಪಾಸ್‌ಪೋರ್ಟಿನ ನಂಬರು. ನನ್ನ ಪಾಸ್‌ಪೋರ್ಟನ್ನು ತೆಗೆದು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದೆ. ಒಂದೂ ತಪ್ಪಿರಲಿಲ್ಲ. ಕೊನೆಯಲ್ಲಿ ಸಹಿ, ಅದೂ ಕನ್ನಡದಲ್ಲಿ. ನಾನು ಕನ್ನಡದಲ್ಲಿ ಸಹಿ ಮಾಡುವುದನ್ನು ಹೈಸ್ಕೂಲಿನಲ್ಲೇ ಬಿಟ್ಟಿದ್ದೆ.

ಆ ಹೊತ್ತಿಗೆ ಅವಳು ನನ್ನ ಚೀಲವನ್ನು ಬೋರಲು ಹಾಕಿಯಾಗಿತ್ತು. ಬೀಗದ ಕೈ ಸಿಗಲಿಲ್ಲ. ಪೆನ್ಸಿಲ್ ಡಬ್ಬಿ, ಬಟ್ಟೆ, ಬ್ರೆಡ್ಡು, ಚಟ್ನಿಪುಡಿಯ ಬಾಟಲಿ. ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ, ಗೆದ್ದವಳ ಹಾಗೆ ನನ್ನ ಮೂಗಿನ ಕೆಳಗೆ ಹಿಡಿದಳು.

"ಇದೇ! ಹೋದ ವಾರ ಇದನ್ನೇ ಬ್ರೆಡ್ಡಿಗೆ ಹಾಕಿಕೊಂಡು ತಿಂದೆ. ಕೋಣೆಯೆಲ್ಲ ಇದೇ ವಾಸನೆ. ಈಗ ಬಂದೇ ಇಲ್ಲ ಅನ್ನುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?"

ನನ್ನ ಸಾಮಾನನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಹೊರಟೆ. ಬಾಗಿಲ ಹತ್ತಿರ ಅವಳು ಮತ್ತೆ ತಡೆದು, ಒಂದು ಲಕೋಟೆಯನ್ನು ಕೈಗೆ ತುರುಕಿದಳು. "ಇದನ್ನೂ ತೆಗೆದುಕೊಂಡು ಹೋಗು. ಅಂಚೆಚೀಟಿ ಹಚ್ಚದೆ, ಪೋಸ್ಟ್ ಮಾಡು ಅಂತ ಬಿಟ್ಟು ಹೋದೆ. ನಾನೇನು ನಿನ್ನ ಆಳೇ?" ಲಕೋಟೆಯ ಮೇಲೆ ಅಕ್ಕನ ಪ್ಲೆಸೆಂಟನ್ ವಿಳಾಸ ಇತ್ತು.

ಬಸ್ಸಿಗೆ ಕಾಯುತ್ತಾ ಕಲ್ಲಿನ ಕಟ್ಟೆಯೊಂದರ ಮೇಲೆ ಕೂತು ಅದನ್ನು ಒಡೆದೆ. ಒಂದೇ ಹಾಳೆ, ಒಂದೇ ಪಕ್ಕ ಬರೆದದ್ದು. ಅಕ್ಷರ ನನ್ನದು. 'ಳ'ದ ಬಾಲವನ್ನು ನಾನು ಬೇಕಿಲ್ಲದಷ್ಟು ಉದ್ದ ಎಳೆಯುತ್ತೇನೆಂದು ಸ್ಕೂಲಿನಲ್ಲಿ ಬೈಸಿಕೊಳ್ಳುತ್ತಿದ್ದೆ. ಆ ಬಾಲ ಹಾಗೆಯೇ ಇತ್ತು. ಎಷ್ಟು ಸಲ ಓದಿದೆನೆಂದರೆ ಇವತ್ತಿಗೂ ಬಾಯಿಪಾಠವಿದೆ:

"ಅಕ್ಕ, ಸೆಪ್ಟೆಂಬರಿನ ನಿಶ್ಚಿತಾರ್ಥವನ್ನು ನಿಲ್ಲಿಸು. ಭಾವನಿಗೆ ನೀನೇ ಹೇಳು. ಹುಡುಗ ಕೆಟ್ಟವನಲ್ಲ. ಆದರೆ ಡ್ಯಾನ್‌ವಿಲ್‌ನ ಆ ಮನೆಯೊಳಗೆ ಕಾಲಿಟ್ಟಾಗ ನನಗೆ ಉಸಿರು ಕಟ್ಟಿದಂತಾಯಿತು. ಎಲ್ಲರೂ ಖುಷಿಯಾಗಿರುವಾಗ ಬೇಡ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಇದು ನಿನಗೆ ಅರ್ಥವಾಗಬೇಕು. ಟೈಲರ್ ಹತ್ತಿರ ಬ್ಲೌಸು ತರುತ್ತೇನೆ ಎಂದು ಹೇಳಿ ಸ್ಟೇಷನ್ನಿಗೆ ಹೋದವಳು ನೀನು. ನೀನು ಎರಡು ಗಂಟೆ ಬೆಂಚಿನ ಮೇಲೆ ಕೂತು ಎದ್ದು ಬಂದೆ. ನಾನು ಎದ್ದು ಬರುವುದಿಲ್ಲ."

ಮೊದಲರ್ಧ ನನಗೆ ಹೊಸದಲ್ಲ. ಆ ಮನೆಯನ್ನು ನೋಡಲು ಹೋದಾಗ ಉಸಿರು ಕಟ್ಟಿದಂತಾದದ್ದು ನಿಜ. ನಾನದನ್ನು ಯಾರೊಬ್ಬರಿಗೂ ಹೇಳಿರಲಿಲ್ಲ, ಅಷ್ಟೆ. ಟೈಲರು, ಸ್ಟೇಷನ್ನು, ಬೆಂಚು ಯಾವುದರ ತಲೆಬುಡವೂ ತಿಳಿಯಲಿಲ್ಲ.

ಹಿಂದಿನ ಶನಿವಾರ, ಭಾನುವಾರ ಎರಡೂ ದಿನ ನಾನು ಸಿಯೆನಾದಲ್ಲಿದ್ದೆ. ಲಿಂಡಾ ಎಂಬ ಸಹಪಾಠಿಯೂ ಜೊತೆಗಿದ್ದಳು, ಒಂದೇ ಕೋಣೆಯಲ್ಲಿ ಮಲಗಿದ್ದೆವು. ಫ್ಲಾರೆನ್ಸಿಗೆ ಬಂದು ಅವಳನ್ನು ಕೇಳಿದೆ. ನಾನು ಅಲ್ಲಿ ಬರೆದ ನಕ್ಷೆಗಳನ್ನು ಅವಳೇ ತೆರೆದು, ಅವುಗಳ ಕೆಳಗಿದ್ದ ತಾರೀಕನ್ನು ತೋರಿಸಿದಳು. ಯಾರೋ ತಮಾಷೆ ಮಾಡಿದ್ದಾರೆ ಎಂದಳು. ನಮ್ಮ ಹನ್ನೆರಡು ಜನರಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ಲಕೋಟೆಯನ್ನು ಹರಿದು ಹಾಕಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ಆದರೆ ನಡೆದದ್ದಕ್ಕೆ ನನ್ನ ಹತ್ತಿರವಿದ್ದ ಗುರುತು ಅದೊಂದೇ. ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡು ವಾಪಸು ಬಂದೆ.

ಬಂದ ವಾರವೇ ಪ್ಲೆಸೆಂಟನ್‌ಗೆ ಹೋದೆ. ಭಾನುವಾರ ಮಧ್ಯಾಹ್ನ, ಊಟದ ಮೇಜು. ಅಕ್ಕ ಬಿಸಿಬೇಳೆಬಾತು ಮಾಡಿದ್ದಳು. ಭಾವ ಇಟಲಿಯ ವಿಷಯ ಕೇಳಿದರು. ಬೀಗದ ಕೈಯ ಜಗಳ, ರಿಜಿಸ್ಟರಿನ ಸಹಿ, ಇಷ್ಟನ್ನು ಮಾತ್ರ ಹೇಳಿದೆ. ಪತ್ರದ ಮಾತೆತ್ತಲಿಲ್ಲ.

ಭಾವ ನಗುತ್ತಾ, "ಏನಮ್ಮಾ, ಇಟಲಿ ವೈನು ಸ್ವಲ್ಪ ಜಾಸ್ತಿ ಆಗಿತ್ತಾ?" ಎಂದರು.

"ನಾನು ಕುಡಿಯಲ್ಲ ಅಂತ ನಿಮಗೆ ಗೊತ್ತು ಭಾವ."

"ಹಾಗಾದ್ರೆ ಪ್ರೂಫು ಏನಿದೆ? ಆ ಹೆಂಗಸು ಹೇಳಿದ್ಲು, ನೀನು ಕೇಳಿಸ್ಕೊಂಡೆ. ನಿನ್ನ ಇಟಾಲಿಯನ್ನು ನಿನಗೇ ಅರ್ಥ ಆಗುತ್ತೋ ಇಲ್ವೋ!"

"ಲಿಂಡಾನ ಕೇಳಿ, ಫೋನ್ ನಂಬರ್ ಕೊಡ್ತೀನಿ. ಆ ಶನಿವಾರ ನಾನು ಅವಳ ಜೊತೆ ಇದ್ದೆ."

"ಫ್ರೆಂಡ್ಸು ಇರೋದೇ ಅದಕ್ಕೆ, ನಮ್ಮ ಪರವಾಗಿ ಸುಳ್ಳು ಹೇಳೋಕೆ. ಅಲೀಬೇಡ ಅಂದ್ರೆ ಅಲೆದೆ. ಈಗ ನೋಡು, ಟೆನ್ಷನ್ನಿಗೆ ಇಲ್ಲದ್ದೆಲ್ಲ ಕಾಣುತ್ತೆ. ಎಂಗೇಜ್‌ಮೆಂಟು ಒಂದು ಆಗ್ಲಿ, ಎಲ್ಲ ಸರಿಹೋಗುತ್ತೆ."

ಅದೊಂದು ಮಾತನ್ನು ನನಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಸೂಟ್‌ಕೇಸಿನಿಂದ ಲಕೋಟೆ ತಂದು ಅವರ ತಟ್ಟೆಯ ಪಕ್ಕಕ್ಕೆ ಎಸೆದೆ. "ತಗೊಳ್ಳಿ ಪ್ರೂಫು!" ಅದರೊಳಗೆ ಏನು ಬರೆದಿದೆ ಎಂಬುದು ಎಸೆದ ಮೇಲೆ ನೆನಪಾಯಿತು. ಅಷ್ಟು ಸಿಟ್ಟು ನನಗೆ.

ಭಾವ ಮೊದಲ ಎರಡು ಸಾಲನ್ನು ಗಟ್ಟಿಯಾಗಿ ಓದಿದರು. ದನಿ ನಿಂತಿತು. ಮುಖ ಕೆಂಪಾಯಿತು.

"ಇದು ನಿನ್ನ ಹ್ಯಾಂಡ್‌ರೈಟಿಂಗೇ ಅಲ್ವಾ?"

"ನಾನು ಹೇಳ್ತಿರೋದೂ ಅದೇ ತಾನೆ!"

"ಬೇಡ ಅಂತ ಮುಖ ಕೊಟ್ಟು ಹೇಳೋಕೆ ಧೈರ್ಯ ಇಲ್ಲ. ಅದಕ್ಕೆ ದೆವ್ವದ ಕಥೆ ಕಟ್ಕೊಂಡು ಬಂದಿದೀಯಾ?" ಪತ್ರವನ್ನು ಮೇಜಿನ ಮೇಲೆ ಬಿಸಾಕಿ ಕಾರಿನ ಕೀ ತೆಗೆದುಕೊಂಡು ಹೊರಗೆ ಹೋದರು.

ನನ್ನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ನಾನು ನಿಜ ಹೇಳುತ್ತಿದ್ದೇನೆ ಎನ್ನುವುದಕ್ಕೆ ನನ್ನಲ್ಲಿದ್ದ ಒಂದೇ ಸಾಕ್ಷಿ, ನಾನು ಸುಳ್ಳುಗಾತಿ ಎಂದು ಎಂಥವರಿಗೂ ತೋರಿಸಿಕೊಡುವಂತಿತ್ತು. ಅಷ್ಟು ಅನ್ಯಾಯದ ಸಾಕ್ಷಿಯನ್ನು ನಾನು ಎಲ್ಲೂ ಕೇಳಿಲ್ಲ.

ಅಕ್ಕ ಪತ್ರವನ್ನು ಎತ್ತಿಕೊಂಡು ಕೊನೆಯವರೆಗೂ ಓದಿದಳು. ಆಮೇಲೆ ನಿಧಾನವಾಗಿ ನಾಲ್ಕು ಮಡಿಕೆ ಮಾಡಿದಳು.

"ಅವರು ಪೂರ್ತಿ ಓದಿದ್ರಾ?"

"ಇಲ್ಲ. ಎರಡೇ ಲೈನು."

"ಯಾರೇ ಹೇಳಿದ್ದು ನಿಂಗೆ?"

"ಏನನ್ನ?"

"ನಾಟಕ ಆಡ್ಬೇಡ. ಸ್ಟೇಷನ್ನಿನ ವಿಷಯ." ಅವಳು ಮಡಿಸಿದ ಪತ್ರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಅಮ್ಮನಿಗೂ ಗೊತ್ತಿಲ್ಲ ಅದು. ಹತ್ತು ವರ್ಷದಿಂದ ಒಂದು ನರಪಿಳ್ಳೆಗೂ ಹೇಳಿಲ್ಲ ನಾನು. ಅವತ್ತು ನನ್ನ ಹಿಂದೆ ಬಂದಿದ್ಯಾ ನೀನು?"

ಆಗ ಅವಳ ಬಾಯಿಂದಲೇ ತಿಳಿಯಿತು ನನಗೆ. ಮದುವೆಯ ಹಿಂದಿನ ದಿನ ಅಕ್ಕ ಬ್ಲೌಸು ತರುತ್ತೇನೆಂದು ಹೋಗಿ ಮೈಸೂರು ಸ್ಟೇಷನ್ನಿನಲ್ಲಿ ಕೂತಿದ್ದಳು. ಕೈಯಲ್ಲಿ ಬೆಂಗಳೂರಿನ ಟಿಕೆಟಿತ್ತು. ಎರಡು ರೈಲು ಹೋದವು. ಆಮೇಲೆ ಎದ್ದು ಟೈಲರ್ ಅಂಗಡಿಗೆ ಹೋಗಿ, ಬ್ಲೌಸು ಇಸಿದುಕೊಂಡು ಮನೆಗೆ ಬಂದಿದ್ದಳು. ಆ ಮಧ್ಯಾಹ್ನ ಹನ್ನೆರಡು ವರ್ಷದ ನಾನು ಅತ್ತೆಯರ ನಡುವೆ ಕೂತು ಹೂ ಕಟ್ಟುತ್ತಿದ್ದೆ.

"ನಾನು ಎಲ್ಲೂ ಬಂದಿರ್ಲಿಲ್ಲ ಕಣೇ."

"ಹಂಗಾದ್ರೆ ಹೇಗೆ ಬರೆದೆ?"

"ನಾನು ಬರೆದಿಲ್ಲ! ಎಷ್ಟು ಸಲ ಹೇಳ್ಲಿ? ನಾನು ಬರೆದಿಲ್ಲ!"

ಅವಳು ನಂಬಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಭಾವ ಆಫೀಸಿಗೆ ಹೊರಡುವಾಗ ಅಡ್ಡ ನಿಂತು, "ಡ್ಯಾನ್‌ವಿಲ್‌ಗೆ ಫೋನ್ ಮಾಡಿ. ಆಗಲ್ಲ ಅಂತ ಹೇಳಿ," ಎಂದಳು. ಅವಳು ಭಾವನ ಎದುರು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪತ್ರ ಅವಳಲ್ಲೇ ಉಳಿಯಿತು. ಎಷ್ಟು ಕೇಳಿದರೂ ಕೊಡಲಿಲ್ಲ.

ಭಾವ ನನ್ನೊಂದಿಗೆ ಎರಡು ವರ್ಷ ಮಾತಾಡಲಿಲ್ಲ. ನಮ್ಮವರ ಹಬ್ಬದೂಟ, ಸತ್ಯನಾರಾಯಣ ಪೂಜೆ ಎಲ್ಲಿಗೆ ಹೋದರೂ ದೆವ್ವದ ಮೇಲೆ ಹಾಕಿ ಮದುವೆ ತಪ್ಪಿಸಿಕೊಂಡವಳು ಎಂಬ ಪಿಸುಮಾತು ಕಿವಿಗೆ ಬೀಳುತ್ತಿತ್ತು. ಹೇಳಲಿ, ಅದನ್ನು ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆ. ಬೇಡ ಅನ್ನಬೇಕಾದವಳು ನಾನು. ಇವತ್ತಲ್ಲ ನಾಳೆ ನಾನೇ ಅನ್ನುತ್ತಿದ್ದೆನೇನೋ, ಅಥವಾ ಒಪ್ಪಿಕೊಂಡು ಸುಖವಾಗಿಯೂ ಇರುತ್ತಿದ್ದೆನೇನೋ. ನನ್ನ ಬದುಕಿನ ಅಷ್ಟು ದೊಡ್ಡ ಮಾತನ್ನು ನನ್ನನ್ನು ಕೇಳದೆ, ನನ್ನದೇ ಅಕ್ಷರದಲ್ಲಿ ಬರೆದಿಡಲು ಆ ಮೂರನೇ ಕೋಣೆಯವಳು ಯಾರು?

ಆಮೇಲೆ ನಾನು ಓದು ಮುಗಿಸಿದೆ, ಎಮರಿವಿಲ್‌ನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ, ನನಗೆ ಬೇಕಾದವನನ್ನು ಮದುವೆಯಾದೆ. ಆ ವಸತಿಗೃಹಕ್ಕೆ ಎರಡು ಸಲ ಕಾಗದ ಬರೆದೆ, ಉತ್ತರ ಬರಲಿಲ್ಲ. ಹತ್ತು ವರ್ಷದ ಮೇಲೆ ಗಂಡನ ಜೊತೆ ಹೋದಾಗ ಅಲ್ಲಿ ಔಷಧದ ಅಂಗಡಿಯಿತ್ತು. ಒಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬುದ್ಧಿವಂತರು ಹಲವರು ನನಗೆ ಹಲವು ವಿವರಣೆ ಕೊಟ್ಟಿದ್ದಾರೆ. ರಿಜಿಸ್ಟರಿಗೆ ಹೊಂದುವ ವಿವರಣೆ ಸ್ಟೇಷನ್ನಿಗೆ ಹೊಂದುವುದಿಲ್ಲ, ಸ್ಟೇಷನ್ನಿಗೆ ಹೊಂದುವುದು ಲಿಂಡಾಳ ಮಾತಿಗೆ ಹೊಂದುವುದಿಲ್ಲ.

ಭಾವ ಹೋಗಿ ಈಗ ಮೂರು ವರ್ಷ. ಅವರು ಕೊನೆಯವರೆಗೂ ಆ ಪತ್ರವನ್ನು ಪೂರ್ತಿ ಓದಲಿಲ್ಲ. ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ಇಷ್ಟು ವರ್ಷ ಅವಳು ಈ ವಿಷಯ ಬಂದಾಗಲೆಲ್ಲ "ನೀನು ಬರೆದಿದ್ದು" ಎಂದೇ ಹೇಳಿಕೊಂಡು ಬಂದವಳು.

"ಬರಿ, ಪರವಾಗಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಅದನ್ನ ಬರೆದವಳು ಹೇಗಿದ್ಲಂತೆ? ಖುಷಿಯಾಗಿದ್ಲಂತಾ?"

ಅವಳನ್ನು ಕಣ್ಣಾರೆ ಕಂಡಿದ್ದ ಒಡತಿ ಅವತ್ತು ನನ್ನ ಮುಂದೆಯೇ ನಿಂತಿದ್ದಳು. ಅರ್ಧ ಗಂಟೆ ಅವಳೊಂದಿಗೆ ಜಗಳವಾಡಿದ್ದೆ. ಅದೊಂದನ್ನು ಕೇಳಿರಲಿಲ್ಲ.

"ಗೊತ್ತಿಲ್ಲ ಅಕ್ಕ," ಎಂದೆ.