ಕಂಡಿಕೆಯೊಳಗಿನ ಟಿಕೀಟು

ವಿಚಾರಣೆ ನಡೆಸಲು ಬಂದ ಸಮಿತಿಯ ಮೂವರಲ್ಲಿ ಒಬ್ಬರೂ ನೇಕಾರರಲ್ಲ. ಒಬ್ಬರು ರೋಣದ ನಿವೃತ್ತ ಪೊಲೀಸ್ ಫೌಜದಾರರು, ಒಬ್ಬರು ನರಗುಂದದ ವಕೀಲರು, ಮೂರನೆಯವರು ನೇಕಾರರ ಸಂಘವಿದ್ದ ಗಜೇಂದ್ರಗಡದವರೇ ಆದ ನಿವೃತ್ತ ಬಸ್ ಕಂಡಕ್ಟರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಸಮಿತಿಯಲ್ಲಿ ಸಂಘದ ಸದಸ್ಯರೊಬ್ಬರು ಇರಲೇಬೇಕಿತ್ತು. ಚಾಚಾನ ಬೇಗಂ ಮನೆಯಲ್ಲಿ ಸೀರೆ ನೇಯುತ್ತಿದ್ದರು, ಚಾಚಾ ಸದಸ್ಯರಾಗಿದ್ದರು.

ನಾನು ಆ ಸಂಘದಲ್ಲಿ ಹಾಜರಿ ಬರೆಯುವ ಕಾರಕೂನ, ದಿನಾಲೂ ಸೂಡಿಯಿಂದ ಬಸ್ಸಿಗೆ ಬರುತ್ತಿದ್ದೆ. ಇಸವಿ ಎರಡು ಸಾವಿರದ ಆಚೀಚಿನ ವರ್ಷಗಳು. ಬಸ್ಸಿನಲ್ಲಿ ಇನ್ನೂ ತೆಳು ಕಾಗದದ ಟಿಕೀಟು ಹರಿದು ಕೊಡುತ್ತಿದ್ದರು. ಆರೋಪ ಇದ್ದದ್ದು ಕಂಡಿಕೆ ಸುತ್ತುವ ಹೆಣ್ಣುಮಗಳೊಬ್ಬಳ ಮೇಲೆ. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕೊಳವೆಯೇ ಕಂಡಿಕೆ. ಎರಡು ತಿಂಗಳಿಂದ ದಿನಾಲೂ ತಡವಾಗಿ ಬರುತ್ತಾಳೆಂದು ಮೇಸ್ತ್ರಿ ಬರೆದುಕೊಟ್ಟಿದ್ದ. ಆರೋಪ ಖರೆಯಾದರೆ ಅವಳ ಕೆಲಸ ಹೋಗುತ್ತಿತ್ತು. ಅವಳು ಹೇಳುತ್ತಿದ್ದುದೇ ಬೇರೆ: ಮೇಸ್ತ್ರಿಯ ಮಗಳ ಮದುವೆಯ ಸೀರೆಗಳಿಗೆ ಕುಚ್ಚು ಕಟ್ಟಲು ಅವನ ಮನೆಗೆ ಹೋಗಲಿಲ್ಲ, ಅಂದಿನಿಂದ ಶುರುವಾಯಿತು ಈ ತಡ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನೌಕರಿಯ ಗುಣ ಪಿಂಚಣಿ ಬಂದರೂ ಹೋಗುವುದಿಲ್ಲ ಎಂಬುದನ್ನು ನಾನು ಆ ದಿನ ಕಣ್ಣಾರೆ ಕಂಡೆ. ಫೌಜದಾರರು ಮೊದಲು ಕಿಟಕಿ ಮುಚ್ಚಿಸಿದರು. ಒಬ್ಬೊಬ್ಬರನ್ನೇ ಕರೆದು, ಏನೂ ಕೇಳದೆ ಸುಮ್ಮನೆ ದಿಟ್ಟಿಸುತ್ತ ಕೂತರು. ನಮ್ಮ ಹಿರಿಯ ನೇಕಾರರೊಬ್ಬರು ಆ ನೋಟ ತಾಳಲಾರದೆ, ಹಿಂದೊಮ್ಮೆ ಸಂಘದ ಕತ್ತರಿ ಮನೆಗೆ ಒಯ್ದದ್ದನ್ನು ಒಪ್ಪಿಕೊಂಡು ಹೊರಬಂದರು. ತಡದ ವಿಷಯ ಕೇಳಿದರೆ ಎಲ್ಲರದೂ ಒಂದೇ ಮಾತು: "ನಾವು ತಲಿ ತಗ್ಗಿಸಿ ನೇಯವರ್ರಿ, ಯಾರು ಯಾವಾಗ ಬಂದ್ರು ನೋಡಿಲ್ರಿ."

ವಕೀಲರಿಗೆ ಮುಖ ಬೇಕಿರಲಿಲ್ಲ, ಕಾಗದ ಬೇಕಿತ್ತು. ಅವಳು ಏನು ಹೇಳಿದರೂ, "ಅದಕ್ಕ ದಾಖಲೆ ಐತೇನ್ವಾ?" ಎನ್ನುತ್ತಿದ್ದರು.

"ದಿನಾಲೂ ಸೂಡಿಯಿಂದ ಮೊದಲನೇ ಬಸ್ಸಿಗೇ ಬರ್ತೀನ್ರಿ. ಇದಕ್ಕ ಎಲ್ಲಿ ದಾಖಲೆ ತರ್ಲಿ? ಈ ನೂಲು ಬಿಟ್ರ ನನಗ ಬ್ಯಾರೆ ಕೆಲಸ ಬರೂದಿಲ್ರಿ," ಎಂದಳು.

ವಕೀಲರಿಗೆ ಸಿಕ್ಕ ಒಂದೇ ಕಾಗದ ನನ್ನ ಹಾಜರಿ ಪುಸ್ತಕ. ಅದನ್ನು ಅಳಿಯನನ್ನು ನೋಡುವಷ್ಟು ಪ್ರೀತಿಯಿಂದ ನೋಡಿದರು. ಬಳಿಕ ನನ್ನನ್ನು ಕೇಳಿದರು.

"ತಡಾ ಮಾಡ್ತಾರ್ರಿ. ನಾನ ನೋಡೇನ್ರಿ," ಎಂದೆ. ಮೇಸ್ತ್ರಿ ಕೊಟ್ಟ ಚೀಟಿ ನೋಡಿ ನಾನು ಬರೆಯುತ್ತಿದ್ದೆ, ಅಷ್ಟೆ. ಹಾಗೆಂದು ಹೇಳುವ ಧೈರ್ಯ ನನಗಿರಲಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ.

ಅಲ್ಲಿಯವರೆಗೆ ಚಾಚಾ ಚಹಾ ಕುಡಿಯುವುದೊಂದನ್ನೇ ಮಾಡಿದ್ದರು. ಈಗ ಎದ್ದು ಮೂಲೆಯ ಬುಟ್ಟಿಯ ಹತ್ತಿರ ಹೋದರು. ಅರಿಶಿಣ ಬಣ್ಣದ ಸೀರೆಗೆ ಬೇಡಿಕೆ ನಿಂತಿದ್ದರಿಂದ ಅವಳು ಎರಡು ತಿಂಗಳಲ್ಲಿ ಸುತ್ತಿದ ಆ ಬಣ್ಣದ ಕಂಡಿಕೆಗಳು ಹಾಗೇ ಉಳಿದಿದ್ದವು. ಚಾಚಾ ಒಂದನ್ನು ಎತ್ತಿ ನೂಲು ಬಿಚ್ಚತೊಡಗಿದರು. ಸವೆದ ಕೊಳವೆಯ ಮೇಲೆ ನೂಲು ಜಾರಬಾರದೆಂದು ಮೊದಲು ಒಂದು ಚೂರು ಕಾಗದ ಸುತ್ತುವುದು ನಮ್ಮ ಕಡೆಯ ರೂಢಿ. ಒಳಗಿನಿಂದ ಅವಳು ಬಂದ ಬಸ್ಸಿನ ಟಿಕೀಟು ಬಂತು. ಇನ್ನೊಂದರಲ್ಲಿ ಇನ್ನೊಂದು.

"ನಮ್ಮ ಬೇಗಂ ನನ್ನ ಹಳೇ ಟಿಕೀಟೆಲ್ಲಾ ಹಿಂಗ ಖಾಲಿ ಮಾಡ್ಯಾಳ್ರಿ," ಎಂದರು ಚಾಚಾ. ನಂಬರುಗಳನ್ನು ಬರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ಯಾವ ದಿನ, ಯಾವ ಟ್ರಿಪ್ಪಿಗೆ ಎಷ್ಟನೇ ನಂಬರಿನ ಟಿಕೀಟು ಹರಿಯಿತು ಎಂಬುದು ಕಂಡಕ್ಟರರ ಲೆಕ್ಕದ ಹಾಳೆಯಾದ ವೇಬಿಲ್ಲಿನಲ್ಲಿರುತ್ತದೆ. ಹಳೇ ಗೆಳೆಯರು ತೆಗೆದು ತೋರಿಸಿದರಂತೆ. ಮಧ್ಯಾಹ್ನ ಮರಳಿ ಬಂದವರೇ ವಕೀಲರ ಮುಂದೆ ಪಟ್ಟಿ ಇಟ್ಟರು. ಪ್ರತಿಯೊಂದೂ ಮೊದಲ ಟ್ರಿಪ್ಪು, ಸಂಘದ ಬಾಗಿಲು ತೆರೆಯುವ ಮೊದಲೇ ಊರು ಮುಟ್ಟುವ ಬಸ್ಸು. ವಕೀಲರಿಗೆ ಕೊನೆಗೂ ಒಂದು ದಾಖಲೆ ಸಿಕ್ಕಿತ್ತು.

ಬಳಿಕ ಚಾಚಾ ನನ್ನ ಕಡೆ ತಿರುಗಿದರು. "ಸಾಹೇಬ್ರ, ನಾ ರಿಟೈರ್ ಆಗೂತನಕ ನಿಮ್ಮನ್ನ ಸೂಡಿಯೊಳಗ ಎರಡನೇ ಟ್ರಿಪ್ಪಿಗೆ ಹತ್ತಿಸ್ಕೊಂಡ ಬಂದೇನಿ. ಈಕಿ ಬರೂದು ಮೊದಲನೇದಕ್ಕ. ಅಂದಮ್ಯಾಲ ಈಕಿ ಬರೂದನ್ನ ನೀವು ಎಲ್ಲಿಂದ ನೋಡಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಗಡಿಯಾರದ ಪಟ್ಟಿಯ ಮೇಲೆ ಹೋಯಿತು. ಅಂದಿನ ಟಿಕೀಟನ್ನು ಅಲ್ಲೇ ಸಿಕ್ಕಿಸಿಕೊಂಡಿದ್ದೆ. ನಾನು ತಡವಾಗಿ ಬರುವುದನ್ನು ಮೇಸ್ತ್ರಿ ನೋಡಿಯೂ ನೋಡದಂತಿದ್ದ, ಅವನ ಚೀಟಿಯನ್ನು ನಾನು ಏನೂ ಕೇಳದೆ ಪುಸ್ತಕಕ್ಕೆ ಇಳಿಸುತ್ತಿದ್ದೆ. ಅದನ್ನೇ ಹೇಳಿದೆ. ಅಷ್ಟು ನಾಚಿಕೆ ನನಗೆ ಮುಂದೆಂದೂ ಆಗಿಲ್ಲ. ಫೌಜದಾರರು ಮಾತ್ರ, "ಇವನ ಮಾರಿ ನೋಡೇ ನನಗ ಸಂಶೇ ಬಂದಿತ್ತು," ಎಂದರು. ಬೆಳಗಿನಿಂದ ಅವರು ನನ್ನನ್ನು ದಿಟ್ಟಿಸಿಯೇ ಇರಲಿಲ್ಲ.

ಅವಳ ಕೆಲಸ ಉಳಿಯಿತು. ಮೇಸ್ತ್ರಿಯನ್ನು ಆ ಹುದ್ದೆಯಿಂದ ಇಳಿಸಿ ನೂಲಿಗೆ ಬಣ್ಣ ಹಾಕುವ ಕೋಣೆಗೆ ಕಳಿಸಿದರು. ನನಗೆ ಬೈದು ಬಿಟ್ಟರು.

ಮರುದಿನ ನಾನು ಮೊದಲ ಬಸ್ಸು ಹಿಡಿದೆ. ಅವಳು ಮುಂದಿನ ಸೀಟಿನಲ್ಲಿದ್ದಳು. ಗಜೇಂದ್ರಗಡದಲ್ಲಿ ಇಳಿದ ಮೇಲೆ ನನಗಾಗಿ ನಿಂತು ಕೈ ಚಾಚಿದಳು.

"ನಿಮ್ಮ ಟಿಕೀಟ ಕೊಡ್ರಿ. ನನ್ನ ಒಂದ ಟಿಕೀಟ ಸಾಲೂದಿಲ್ಲ, ಕಂಡಿಕಿ ಮ್ಯಾಲ ನೂಲು ಜಾರ್ತೈತಿ."

ಕೊಟ್ಟೆ. ಆ ಕೆಲಸ ಬಿಡುವವರೆಗೆ ದಿನಾಲೂ ಕೊಟ್ಟೆ. ಎಲ್ಲರ ಹಾಜರಿ ನನ್ನ ಪುಸ್ತಕದಲ್ಲಿರುತ್ತಿತ್ತು, ನನ್ನದು ಅವಳ ಬುಟ್ಟಿಯಲ್ಲಿ.