ಕರಡಿ ಮೇಲೆ, ಪೆಂಗ್ವಿನ್ ಕೆಳಗೆ

ಕುದಿಯುವ ಚಹಾದ ಗ್ಲಾಸನ್ನು ಅವರು ಎಡಗೈಯ ಕೊನೆಯ ಎರಡು ಬೆರಳುಗಳಲ್ಲಿ ಮಾತ್ರ ಹಿಡಿಯುತ್ತಿದ್ದರು. ಆ ಬೆರಳುಗಳ ತುದಿ ಒಣಗಿದ ಪುನರ್ಪುಳಿ ಸಿಪ್ಪೆಯಂತೆ ಕಪ್ಪಾಗಿ ಮುರುಟಿತ್ತು; ಬಿಸಿ ತಾಗದು, ಸೂಜಿ ಚುಚ್ಚಿದರೂ ತಿಳಿಯದು. ಗಲ್ಫಿನ ಕೋಲ್ಡ್ ಸ್ಟೋರೇಜೊಂದರಲ್ಲಿ ಇಪ್ಪತ್ತು ವರ್ಷ ಹೆಪ್ಪುಗಟ್ಟಿದ ಮಾಂಸದ ಪೆಟ್ಟಿಗೆಗಳನ್ನು ಹೊತ್ತು ಸತ್ತುಹೋದ ಬೆರಳುಗಳವು. ಅತ್ತಾವರದ ನಮ್ಮ ಓಣಿಯ ಮಕ್ಕಳಿಗೆಲ್ಲ ಅವರು ಕಾಕ.

ಕಳೆದ ವರ್ಷದ ಮೇ ತಿಂಗಳಲ್ಲಿ ಕಾಕ ಕೆಲಸ ಮಾಡುತ್ತಿದ್ದಲ್ಲಿಯೇ ಕುಸಿದು ತೀರಿಕೊಂಡರು. ಸರ್ಕಾರದ ದಾಖಲೆ ಅವರನ್ನು ‘ಪ್ರೇಕ್ಷಕ’ ಎಂದು ಕರೆದಿದೆ. ಅವರ ಹೆಂಡತಿ, ನಮ್ಮೆಲ್ಲರ ಮಾಮಿ, ನನ್ನಲ್ಲಿ ಕೇಳಿದ್ದು ಒಂದೇ: “ಅವರು ಕೆಲಸಕ್ಕೆ ಹೋದದ್ದು ಅಂತ ಬರೆಸಿ ಕೊಡು ಮಗಾ. ತಮಾಷೆ ನೋಡ್ಲಿಕ್ಕೆ ಹೋಗಿ ಸತ್ತರು ಅಂತ ಬೇಡ.” ಆ ಒಂದು ಪದವನ್ನು ತಿದ್ದಿಸಲು ಒಂದು ವರ್ಷದಿಂದ ನಾನು ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದೇನೆ.

ಗಲ್ಫಿನಿಂದ ಊರಿಗೆ ಮರಳಿದಾಗ ಕಾಕನ ಸೂಟ್‌ಕೇಸಿನಲ್ಲಿ ಅತ್ತರು, ಚಾಕಲೇಟುಗಳ ಕೆಳಗೆ ರಟ್ಟಿನ ತುಂಡುಗಳಿದ್ದವು. ಪೆಟ್ಟಿಗೆಗಳ ಮೇಲೆ ಅಚ್ಚಾಗಿದ್ದ ಹಿಮಕರಡಿ, ಪೆಂಗ್ವಿನ್, ಸೀಲ್‌ಗಳ ಚಿತ್ರಗಳನ್ನು ಅವರು ಅಂಚು ಕೆಡದಂತೆ ಕತ್ತರಿಸಿ ತಂದಿದ್ದರು. ತಮ್ಮ ಭಾವನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದ ಅವರು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ ಅವನ್ನು ಒಂದೊಂದಾಗಿ ತೋರಿಸುತ್ತಿದ್ದರು. ನಾನಾಗ ಒಂದನೇ ತರಗತಿಯಲ್ಲಿದ್ದೆ. ಮಂಜುಗಡ್ಡೆಯ ಮೇಲೆ ಒರಗಿದ್ದ ಸೀಲ್ ಅನ್ನು ಕಂಡು, ಮೀನು ಮಾರುವ ಅಕ್ಕನ ಮಗಳು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ.

“ಕಾಕ, ಇದು ಸತ್ತದ್ದಾ?”

“ಯಾಕೆ ಹಾಗೆ ಕೇಳುವುದು?”

“ಐಸಿನ ಮೇಲೆ ಇಟ್ಟಿದ್ದಾರಲ್ಲ!”

ಕಾಕ ಹೊಟ್ಟೆ ಹಿಡಿದು ನಕ್ಕರು. “ಅಯ್ಯೋ ಮಾರಾಯ್ತಿ, ಇದು ಮಾರ್ಲಿಕ್ಕೆ ಇಟ್ಟದ್ದಲ್ಲ. ಇದರ ಮನೆಯೇ ಅದು. ನಿನಗೆ ಹಂಚಿನ ಮಾಡು ಉಂಟಲ್ಲ, ಹಾಗೆ ಇದಕ್ಕೆ ಐಸು.”

ಶೀತವನ್ನು ಅವರು ಪುಸ್ತಕದಿಂದ ತಿಳಿದವರಲ್ಲ. ಪೆಂಗ್ವಿನ್‌ಗಳು ಬಿರುಗಾಳಿಯಲ್ಲಿ ಒತ್ತೊತ್ತಾಗಿ ನಿಲ್ಲುವುದನ್ನು ಕಲಿಸಲು ನಮ್ಮನ್ನು ಅಂಗಳದಲ್ಲಿ ಗುಂಪುಗೂಡಿಸಿ, ಅಂಚಿನಲ್ಲಿದ್ದವರನ್ನು ನಡುವಿಗೆ, ನಡುವಿನವರನ್ನು ಅಂಚಿಗೆ ಕಳಿಸುತ್ತಿದ್ದರು. “ಒಬ್ಬನೇ ಹೊರಗೆ ನಿಂತ್ರೆ ಸತ್ತೇ ಹೋಗ್ತಾನೆ ಮಕ್ಕಳೇ. ನಾವೂ ಅಲ್ಲಿ ಹೀಗೇ ನಿಲ್ತಿದ್ದದ್ದು” ಎನ್ನುವಾಗ ಮಾತ್ರ ಅವರ ನಗು ನಿಲ್ಲುತ್ತಿತ್ತು.

ಐದನೇ ತರಗತಿಯಲ್ಲಿ ನಾನು ಅವರನ್ನು ತಪ್ಪಿನಲ್ಲಿ ಹಿಡಿದೆ. ಪೆಟ್ಟಿಗೆಯ ಚಿತ್ರದಲ್ಲಿ ಕರಡಿ, ಪೆಂಗ್ವಿನ್ ಒಟ್ಟಿಗೆ ಇದ್ದುದರಿಂದ ಅವು ಒಂದೇ ಊರಿನವೆಂದು ಅವರು ಕಲಿಸಿದ್ದರು. “ಕಾಕ, ನೀವು ಹೇಳಿದ್ದು ಸುಳ್ಳು. ಕರಡಿ ಉತ್ತರ ಧ್ರುವದ ಕಡೆ, ಪೆಂಗ್ವಿನ್ ದಕ್ಷಿಣದ ಕಡೆ” ಎಂದು ಪುಸ್ತಕ ತೆರೆದು ತೋರಿಸಿದೆ. ಅವರು ಬಹಳ ಹೊತ್ತು ಆ ಪುಟವನ್ನು ನೋಡಿದರು. ಸಂಜೆ ಅಂಗಡಿಯನ್ನು ಭಾವನಿಗೆ ಬಿಟ್ಟು ಓಣಿಯ ಮನೆಮನೆಗೂ ಹೋದರು.

“ಇದಕ್ಕೆಂತ ಕಾಕ, ಬಾಗಿಲು ಬಾಗಿಲು ತಿರುಗುವುದು? ಓಟು ಕೇಳ್ಲಿಕ್ಕೆ ಬಂದ ಹಾಗೆ!” ಎಂದು ಅಮ್ಮ ತಮಾಷೆ ಮಾಡಿದರು.

“ಇಲ್ಲ ಅಕ್ಕ, ತಪ್ಪು ಹೇಳಿದವ ನಾನಲ್ವಾ? ಚಿಕ್ಕವರ ತಲೆಗೆ ಹೋದದ್ದು ಅಲ್ಲೇ ಕೂತುಬಿಡ್ತದೆ. ಕರಡಿ ಮೇಲೆ, ಪೆಂಗ್ವಿನ್ ಕೆಳಗೆ. ಮಕ್ಕಳಿಗೆ ಹೇಳಿಬಿಡಿ.”

ಕಳೆದ ವರ್ಷ ಪಂಪ್‌ವೆಲ್ ಬಳಿಯ ಮೈದಾನದಲ್ಲಿ ಪುಟ್ಟ ಮಕ್ಕಳಿಗಾಗಿ ಹಿಮಪ್ರಾಣಿಗಳ ಪ್ರದರ್ಶನ ಏರ್ಪಟ್ಟಿತು. ದೊಡ್ಡ ಡೇರೆಯೊಳಗೆ ಏಸಿ, ಕೃತಕ ಹಿಮ, ಫೈಬರಿನ ಕರಡಿಗಳು. ಅದರ ಕನ್ನಡ ಫಲಕಗಳನ್ನು ಬರೆಯುವ ಕೆಲಸ ನನಗೆ ದೊರೆತಿತ್ತು. ಮಕ್ಕಳಿಗೆ ಪ್ರಾಣಿಗಳನ್ನು ಪರಿಚಯಿಸಲು ಕಾಕನಿಗಿಂತ ಯೋಗ್ಯರಿಲ್ಲವೆಂದು ಶಿಫಾರಸು ಮಾಡಿದವಳೂ ನಾನೇ. ವ್ಯವಸ್ಥಾಪಕ ಅವರ ವಯಸ್ಸನ್ನೂ ಗಡ್ಡವನ್ನೂ ಅಳೆದು ನೋಡಿ, ಸ್ಪಂಜಿನ ಪೆಂಗ್ವಿನ್ ವೇಷವೊಂದನ್ನು ಕೊಟ್ಟು, ಹೆದ್ದಾರಿಗೆ ಮುಖ ಮಾಡಿದ ಗೇಟಿನಲ್ಲಿ ಬಿಸಿಲಿಗೆ ನಿಲ್ಲಿಸಿದ. ನಾನು ಸಿಟ್ಟಾದೆ. “ಇರ್ಲಿ ಮಗಾ, ಮಕ್ಕಳು ಬರ್ತಾರಲ್ಲ” ಎಂದರು ಕಾಕ. ಕೊಕ್ಕಿನೊಳಗಿಂದಲೇ ಅವರ ಪಾಠ ನಡೆಯಿತು: “ನಾನು ಕೆಳಗಿನವ. ಕರಡಿ ಮೇಲಿನವ. ನಾವಿಬ್ಬರು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ.”

ಆ ವೇಷದ ಜಿಪ್ಪು ಬೆನ್ನಿನಲ್ಲಿತ್ತು. ತೊಟ್ಟವನು ತಾನೇ ಅದನ್ನು ಬಿಚ್ಚಿಕೊಳ್ಳುವಂತಿರಲಿಲ್ಲ. ಗಂಟೆಗೆ ಹತ್ತು ನಿಮಿಷ ಡೇರೆಯೊಳಗೆ ಬಿಡಿ ಎಂದು ಕಾಕ ಕೇಳಿದ್ದರು. “ಒಳಗೆ ಟಿಕೆಟಿನವರಿಗೆ ಮಾತ್ರ ಅಂತೆ” ಎಂದು ನನ್ನೆದುರು ನಕ್ಕರು. “ಪೆಂಗ್ವಿನಿಗೆ ಸಹ ಪಾಳಿ ಉಂಟು ಸಾರ್ ಅಂತ ಹೇಳಿದೆ. ಅವನಿಗೆ ಎಂತ ಅರ್ಥ ಆಗ್ತದೆ?” ನಾನು ವ್ಯವಸ್ಥಾಪಕನಿಗೊಂದು ಸಂದೇಶ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೊಮ್ಮೆ ಕೇಳಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಪೆಂಗ್ವಿನ್ ಬಿತ್ತು. ಅದೂ ಆಟವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಗೇಟಿನವನು ಜಿಪ್ಪು ಹುಡುಕಿ ಸಿಗದೆ ಒಳಗಿನಿಂದ ಕತ್ತರಿ ತರಿಸಿದ. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಸಂಜೆಯ ಹೊತ್ತಿಗೆ ಉಸಿರೂ ಇರಲಿಲ್ಲ. ಮರುದಿನ ಅದೇ ವೇಷವನ್ನು ಹೊಲಿದು, ಅದರೊಳಗೆ ಇನ್ನೊಬ್ಬನನ್ನು ತುಂಬಿ, ಅದೇ ಗೇಟಿನಲ್ಲಿ ನಿಲ್ಲಿಸಲಾಗಿತ್ತು. ಪ್ರದರ್ಶನ ಒಂದು ದಿನವೂ ನಿಲ್ಲಲಿಲ್ಲ.

ನಾನು ಕೇಳುತ್ತೇನೆ: ಮೈದಾನವನ್ನು ಕೊಟ್ಟವರು ಗೇಟಿನಲ್ಲಿ ನಿಲ್ಲುವವನಿಗೆ ನೆರಳಿದೆಯೇ ಎಂದು ನೋಡಿದರೇ? ಅನುಮತಿಗೆ ಮುದ್ರೆ ಒತ್ತಿದವರು ಅಲ್ಲಿ ದುಡಿಯುವವರ ಪಟ್ಟಿಯನ್ನು ಕೇಳಿದರೇ? ಫೈಬರಿನ ಕರಡಿಗೆ ಏಸಿ ಬೇಕೆಂದು ತಿಳಿದವರಿಗೆ ಸ್ಪಂಜಿನೊಳಗಿನ ಮನುಷ್ಯನಿಗೆ ಗಾಳಿ ಬೇಕೆಂದು ತಿಳಿಯದೆ ಹೋದದ್ದು ಹೇಗೆ? “ಅವರು ನಮ್ಮ ಸ್ಟಾಫ್ ಅಲ್ಲ” ಎಂಬ ನಾಲ್ಕು ಪದಗಳಿಂದ ವ್ಯವಸ್ಥಾಪಕ ಕೈತೊಳೆದುಕೊಂಡ. ಒಂದು ಕಚೇರಿ ಇನ್ನೊಂದರತ್ತ ಬೆರಳು ತೋರಿಸಿತು, ಇನ್ನೊಂದು ಮತ್ತೊಂದರತ್ತ. ನಾನು ಕೊಟ್ಟ ಫೋಟೊಗಳಲ್ಲಿ ಪೆಂಗ್ವಿನ್ ಇತ್ತು, ಮುಖವಿರಲಿಲ್ಲ.

ಕಳೆದ ತಿಂಗಳು ಅಧಿಕಾರಿಯೊಬ್ಬರು ಕೊನೆಗೂ ಕಡತ ತೆರೆದರು.

“ಪ್ರದರ್ಶನ ನೋಡಲು ಬಂದವರು ಪೆಂಗ್ವಿನ್ ವೇಷ ತೊಟ್ಟು ಬರುತ್ತಾರೆಯೇ ಸಾರ್?” ಎಂದು ನಾನು ದನಿ ಏರಿಸಿದೆ.

“ವೇಷದ ವಿಷಯ ಇದ್ರಲ್ಲಿ ಇಲ್ಲ ಮೇಡಂ. ಆಸ್ಪತ್ರೆಗೆ ಸೇರಿಸುವಾಗ ತುಂಬಿದ ಹಾಳೆ ಉಂಟಲ್ಲ, ಅದ್ರಲ್ಲಿದ್ದದ್ದನ್ನೇ ನಾವು ಬರೆದದ್ದು.” ಅವರು ಹಾಳೆಯನ್ನು ನನ್ನತ್ತ ತಿರುಗಿಸಿದರು. “ಕೆಳಗೆ ಸಹಿ ಯಾರದ್ದು, ನೋಡಿ.”

ಸಹಿ ನನ್ನದು.

ಹಾಳೆಯನ್ನು ತುಂಬಿದವನು ವ್ಯವಸ್ಥಾಪಕನ ಕಡೆಯವನು. ಕಾಕನನ್ನು ಸ್ಟ್ರೆಚರಿನಲ್ಲಿ ಒಯ್ಯುತ್ತಿದ್ದಾಗ ಅವನು ಪೆನ್ನು ಚಾಚಿದ್ದ: “ಬೇಗ ಮೇಡಂ, ಡಾಕ್ಟ್ರು ಕಾಯ್ತಿದ್ದಾರೆ.” ಸರ್ಕಾರಿ ಆದೇಶಗಳ ಅಡಿಟಿಪ್ಪಣಿಯನ್ನೂ ಬಿಡದೆ ಓದಲು ವಿಶ್ವವಿದ್ಯಾಲಯದಲ್ಲಿ ಕಲಿತವಳು ನಾನು. ಆ ನಾಲ್ಕು ಸಾಲುಗಳನ್ನು ಓದಲಿಲ್ಲ. ‘ಪ್ರದರ್ಶನ ವೀಕ್ಷಣೆಗೆ ಬಂದವರು’ ಎಂಬ ಸುಳ್ಳಿನ ಕೆಳಗೆ ನನ್ನ ಹೆಸರು ಸ್ಪಷ್ಟವಾಗಿದೆ. ಓದದೆ ಸಹಿ ಹಾಕಿದೆನೆಂದು ಅಲ್ಲಿಯೇ ಬರೆದುಕೊಟ್ಟೆ. ಅಧಿಕಾರಿ ಅದನ್ನೂ ಕಡತಕ್ಕೆ ಸೇರಿಸಿ ದಾರ ಕಟ್ಟಿದರು.

ಈ ಬರಹ ಅಚ್ಚಾಗುವ ಮೊದಲು ಆ ಸಹಿಯ ವಿಷಯವನ್ನು ಮಾಮಿಗೆ ನಾನೇ ಹೇಳಬೇಕು. ಮೂರು ಸಲ ಅವರ ಬಾಗಿಲಿಗೆ ಹೋಗಿದ್ದೇನೆ. ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅವರು ಒಳಗಿನಿಂದ ಎದ್ದು ಬರುತ್ತಾರೆ.

“ಎಂತಾಯ್ತು ಮಗಾ, ಬರೆದ್ರಾ?”

“ಇನ್ನೂ ಇಲ್ಲ ಮಾಮಿ” ಎನ್ನುತ್ತೇನೆ.